ಏಳನೇ ನಂಬರಿನ ಬೆದರುಗೊಂಬೆ

ನನಗೊಂದು ಹುಚ್ಚಿದೆ. ಪರದೇಶದ ವೃತ್ತಿಪರ ಬಾಸ್ಕೆಟ್‌ಬಾಲ್ ಆಟಗಾರರು ಪಂದ್ಯದಲ್ಲಿ ತೊಟ್ಟು ಬಿಚ್ಚಿದ ಹಳೆಯ ಜೆರ್ಸಿಗಳನ್ನು ಕೂಡಿಡುವುದು. ಹೊಸದನ್ನು ಪುಕ್ಕಟೆ ಕೊಟ್ಟರೂ ಬೇಡ. ಕಂಕುಳಲ್ಲಿ ಬೆವರಿನ ಕಲೆ ಇರಬೇಕು, ಎಲ್ಲಾದರೂ ಹೊಲಿಗೆ ಬಿಟ್ಟಿರಬೇಕು. ಬಂದದ್ದನ್ನು ತೊಳೆಯುವುದಿಲ್ಲ, ತೊಡುವುದಂತೂ ಇಲ್ಲವೇ ಇಲ್ಲ. ಕೆಲಸಕ್ಕಿರುವ ಬಿಣಗಾ ಊರಿನ ನನ್ನ ಎರಡು ಕೋಣೆಯ ಮನೆಯಲ್ಲಿ ಗಾಜಿನ ಕಪಾಟು ಇರುವುದೇ ಅವಕ್ಕೆ. ಅವುಗಳಲ್ಲಿ ಒಂದು ಕೆಂಪು ಜೆರ್ಸಿಯ ಮೇಲೆ ನನಗೆ ಜೀವ. ಅದಕ್ಕಾಗಿ ಆರು ವರ್ಷ ಕಾದಿದ್ದೆ.

ಈ ಹುಚ್ಚು ಹಿಡಿಸಿದವಳು ಅಕ್ಕ. ಅಂಕೋಲೆಯ ನಮ್ಮ ಮನೆಯಿಂದ ಹೋಗಿ, ಸಂಬಳ ಕೊಡುವ ತಂಡದಲ್ಲಿ ಎರಡು ವರ್ಷ ಬಾಸ್ಕೆಟ್‌ಬಾಲ್ ಆಡಿದವಳು. ಅಪ್ಪ ತೀರಿಕೊಂಡಾಗ, ನನ್ನ ಕಾಲೇಜು ನಿಲ್ಲಬಾರದೆಂದು ಆಟ ಬಿಟ್ಟು ಬಂದು ಗದ್ದೆಗಿಳಿದಳು. ನಿನ್ನ ಜೆರ್ಸಿ ಎಲ್ಲಿ ಎಂದು ಕೇಳಿದಾಗಲೆಲ್ಲ, "ಎಲ್ಲೋ ಹೋಯ್ತು, ಬಿಡು ಮಾರಾಯಾ" ಅನ್ನುತ್ತಿದ್ದಳು.

ಹೋದ ವರ್ಷ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಊರಿಗೆ ಹೋದೆ. ಗದ್ದೆಯ ನಡುವೆ ಬೆದರುಗೊಂಬೆ. ಅದರ ಮೈಮೇಲೆ ಮಾಸಿದ ನೀಲಿ ಜೆರ್ಸಿ, ಬೆನ್ನಿಗೆ ಏಳನೇ ನಂಬರು, ಅಕ್ಕನದೇ. ನನಗೆ ಮೈಯೆಲ್ಲ ಉರಿಯಿತು.

"ಅಕ್ಕಾ, ಇದನ್ನ ಕಾಗೆ ಓಡ್ಸೂಕೆ ಹಾಕಿದ್ಯಾ? ತಲೆ ನೆಟ್ಟಗಿದ್ಯಾ ನಿಂಗೆ?"

"ಮತ್ತೆಂತಾ ಮಾಡೂದು? ನವಿಲು ಬಂದು ಎಲ್ಲಾ ಕೆದರ್ತದೆ. ಪೆಟ್ಟಿಗೇಲಿದ್ರೆ ಯಾರಿಗೆ ಬಂತು? ಇಲ್ಲಾದ್ರೆ ದಿನಾ ಕಣ್ಣಿಗೆ ಬೀಳ್ತದೆ."

ಅದನ್ನು ನನಗೆ ಕೊಡು, ಬದಲಿಗೆ ಹೊಸ ಅಂಗಿ ತಂದುಕೊಡುತ್ತೇನೆ ಎಂದೆ. ನಕ್ಕುಬಿಟ್ಟಳು. ಬೆದರುಗೊಂಬೆಗೆ ಮನೆಯವರು ತೊಟ್ಟು ಬೆವರಿದ ಬಟ್ಟೆಯೇ ಆಗಬೇಕು, ಇಲ್ಲದಿದ್ದರೆ ಹಕ್ಕಿ ಹೆದರುವುದಿಲ್ಲ ಎಂಬುದು ಅವ್ವನ ಕಾಲದಿಂದ ನಮ್ಮ ಮನೆಯ ನೇಮ. ಮೈಮೇಲಿದ್ದ ಆಫೀಸಿನ ಅಂಗಿಯನ್ನೇ ಬಿಚ್ಚಿಕೊಟ್ಟೆ. ಮೂಸಿ ನೋಡಿ, "ಫ್ಯಾನಿನ ಬುಡಕ್ಕೆ ಕೂತವ್ನ ಅಂಗಿ ಇದು!" ಎಂದು ನನ್ನ ಮುಖಕ್ಕೇ ಎಸೆದಳು.

"ನಿನ್ನ ಕಪಾಟಿಂದ ಆ ಕೆಂಪು ತಾ, ತಮಾ. ಯಾರದ್ದೋ ಬೆವರು ನಡೂದಿಲ್ಲ. ನೀನೇ ಹಾಕ್ಕೊಂಡು ಗದ್ದೆ ಕೆಲ್ಸ ಮಾಡು."

"ಅದೊಂದು ಬಿಟ್ಟು ಯಾವುದಾದ್ರೂ ಕೇಳೇ."

"ಯಾಕೆ? ನಂಗೂ ಇದ್ರ ಮೇಲೆ ಜೀವ ಇತ್ತು."

ಅಂದು ಸಂಜೆ ಬಿಣಗಾಕ್ಕೆ ಮರಳಿ ಕಪಾಟು ತೆರೆದೆ.

ಮುಂದಿನ ಭಾನುವಾರ ಕೆಂಪು ಜೆರ್ಸಿ ತೊಟ್ಟು ಗದ್ದೆಗಿಳಿದೆ. ಅದು ಮೊಣಕಾಲಿನ ತನಕ ಜೋತುಬಿದ್ದದ್ದನ್ನು ಕಂಡು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಧ್ಯಾಹ್ನದವರೆಗೆ ಕಳೆ ಕಿತ್ತೆ. ಅಷ್ಟು ಜೋಪಾನ ಮಾಡಿದ್ದ ಕಲೆಗಳ ಮೇಲೆ ನನ್ನ ಬೆವರು ಇಳಿಯಿತು. ಮೊದಲು ಸಂಕಟವಾಯಿತು, ಸೊಂಟ ಹಿಡಿದುಕೊಂಡ ಮೇಲೆ ನಾಚಿಕೆಯಾಯಿತು. ಈ ಗದ್ದೆಯ ದುಡಿಮೆಯಲ್ಲಿ ಓದಿದವನು ನಾನು, ಇಷ್ಟು ವರ್ಷ ಒಂದು ಕಳೆಯನ್ನೂ ಕಿತ್ತಿರಲಿಲ್ಲ.

ಅಕ್ಕ ಗೊಂಬೆಗೆ ಕೆಂಪು ತೊಡಿಸಿ, ನೀಲಿಯನ್ನು ಕೊಡವಿದಳು. ಕೊಡುತ್ತಾಳೆಂದು ಕೈ ಚಾಚಿದೆ. "ತಡಿ, ಒಂದ್ಸಲ" ಎಂದು ತನ್ನ ನೈಟಿಯ ಮೇಲೆಯೇ ಅದನ್ನು ತೊಟ್ಟು, ಅತ್ತಿತ್ತ ನೋಡಿ, ಚೆಂಡು ಹಾಕುವಂತೆ ಮೇಲಕ್ಕೆ ಹಾರಿದಳು. ಕೈ ಇನ್ನೂ ಆಗಿನಷ್ಟೇ ಎತ್ತರಕ್ಕೆ ಹೋಯಿತು.

ಆಮೇಲೆ ಅದನ್ನು ಬಿಚ್ಚದೆ ಹಾಗೆಯೇ ಮನೆಯ ಕಡೆ ನಡೆದಳು. ಅದನ್ನು ಕೊಡೆಂದು ನಾನು ಕೇಳಲಿಲ್ಲ. ಕಪಾಟಿನಲ್ಲಿ ಒಂದು ಜಾಗ ಈಗಲೂ ಖಾಲಿ ಇದೆ, ಇರಲಿ.