ಪಾತಣ್ಣನ ಹೆಜ್ಜೆ ಮಾಯವಾಗುವ ಜಾಗ

ದೇವಸಮುದ್ರದ ಪಾತಣ್ಣನಿಗೆ ಸಂಬಳ ಬರುತ್ತಿದ್ದುದು ನಡೆಯುವುದಕ್ಕೆ. ಇದನ್ನು ನೆಂಟರಿಗೆ ಬಿಡಿಸಿ ಹೇಳುವಷ್ಟರಲ್ಲಿ ಅವನ ಹೆಂಡತಿ ಪಾಲಮ್ಮನಿಗೆ ಸಾಕುಸಾಕಾಗುತ್ತಿತ್ತು. ಮುಂದೆ ಕುರಿಯಿಲ್ಲದೆ ಸುಮ್ಮನೆ ಅಡ್ಡಾಡುವ ಗಂಡಸಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಅವರು ಕೇಳುವರು. ಅದಕ್ಕೂ ಒಂದು ಕಂಪನಿ ಐತೆ ಎಂದು ಇವಳು ಅನ್ನುವಳು.

ಐತೆ, ನಿಜ. ಚಳ್ಳಕೆರೆಯಿಂದ ಈ ಕಡೆಗೆ ನೆಲದೊಳಗೆ ಕುಡಿಯುವ ನೀರಿನ ದೊಡ್ಡ ಪೈಪು ಬಂದಿದೆ. ಅದರ ಮಗ್ಗುಲಿಗೇ ಕೂದಲಿನಷ್ಟು ಸಣ್ಣ ಗಾಜಿನ ಎಳೆಯೊಂದು ಮಲಗಿದೆ. ಚಳ್ಳಕೆರೆಯ ಕೋಣೆಯೊಂದರಿಂದ ಆ ಎಳೆಯೊಳಕ್ಕೆ ಬೆಳಕು ಬಿಡುತ್ತಾರೆ. ಮೇಲೆ ಯಾರಾದರೂ ಗುದ್ದಲಿ ಹಾಕಿದರೆ, ಪೈಪು ಸೋರಿದರೆ, ನೆಲ ಅದುರುತ್ತದೆ. ಹೋದ ಬೆಳಕಿನ ಒಂದು ಚೂರು ಆ ಸುದ್ದಿ ಹೊತ್ತು ವಾಪಸು ಬರುತ್ತದೆ. ಗೋಡೆಗೆ ಕಿವಿಯಿದ್ದ ಕಾಲ ಹೋಗಿ ನೆಲಕ್ಕೆ ಕಿವಿ ಬಂದ ಕಾಲ. ಕಂಪನಿಗೆ ಬೇಕಾದ್ದು ಕಂಪನ, ಅಷ್ಟೇ.

ಆದರೆ ಬೆಳಕೂ ದಣಿಯುತ್ತದೆ. ದೇವಸಮುದ್ರದ ಹತ್ತಿರ ಬರುವಷ್ಟರಲ್ಲಿ ಅದಕ್ಕೆ ವಾಪಸು ಹೋಗಿ ಹೇಳುವ ತ್ರಾಣ ಉಳಿಯುತ್ತಿರಲಿಲ್ಲ. ಬೆಳಕಿಗೆ ಕೇಳಿಸದ ಆ ಕೊನೆಯ ಪಟ್ಟಿಯನ್ನು ಬೆಳಗಾಗೆದ್ದು ನಡೆದು ನೋಡಿ ಬರುವುದು ಪಾತಣ್ಣನ ಪಾಲಿಗೆ ಬಂದಿತ್ತು.

ಜಟಿಂಗ ರಾಮೇಶ್ವರನ ಗುಡ್ಡ ಮಂಜಿನಲ್ಲಿ ತೇಲುವ ಹೊತ್ತಿಗೆ, ಕೋಲು ಹೆಗಲಿಗಡ್ಡ ಇಟ್ಟುಕೊಂಡು ಹೊರಡುವನು. ಸ್ವಲ್ಪ ದೂರ ಹೋದಮೇಲೆ ತಾನು ನಡೆಯುತ್ತಿದ್ದೇನೋ, ನೆಲವೇ ಹಿಂದಕ್ಕೆ ಹರಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಕಾಲಡಿ ನೀರು, ನೀರಿನ ಪಕ್ಕ ಬೆಳಕು, ಎರಡೂ ತನ್ನ ಜೊತೆ ಮಂದೆಯ ಹಾಗೆ ಬರುತ್ತಿವೆ ಅನಿಸುವುದು. ಈ ನಡಿಗೆ ಇಲ್ಲದ ಬೆಳಗು ಹೇಗಿರಬಹುದೆಂದು ಅವನು ಯೋಚಿಸಿರಲಿಲ್ಲ.

ಈ ವರ್ಷ ಯೋಚಿಸಬೇಕಾಯಿತು. ಪೈಪಿನ ಗುರುತಿಗೆ ನೆಟ್ಟ ಕೊನೆಯ ಕಂಬದವರೆಗೂ ಬೆಳಕಿಗೆ ಕೇಳಿಸುವಂತೆ ಮಾಡಲು ಕಂಪನಿ ಹೊರಟಿತು. ಫೋನಿನಲ್ಲಿ ಅದನ್ನು ವಿವರಿಸಿದವಳು ಶಮಾ. ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ವಲಿಸಾಬರ ಮಗಳು, ಆ ಕೋಣೆಯಲ್ಲಿ ಪರದೆಯ ಮುಂದೆ ಕೂರುವವಳು.

"ದಾರಿಯಲ್ಲಿ ಬೆಳಕಿಗೆ ಅರವಟ್ಟಿಗೆ ಇಟ್ಟಂಗೆ ಪಾತಣ್ಣ. ಆ ತುದಿಯಿಂದ ಇನ್ನೊಂದು ಬೆಳಕು ಎದುರಿಗೆ ಬಿಟ್ಟು, ಇದರ ದಣಿವು ಆರಿಸ್ತೀವಿ."

ದಣಿವಾರಿದರೆ ಪಾತಣ್ಣನ ನಡಿಗೆಗೆ ಮಂಗಳ. ಆರಿತೋ ಇಲ್ಲವೋ ಎಂದು ಪರೀಕ್ಷೆ ಮಾಡಲು ನಡೆಯಬೇಕಾದವನೂ ಪಾತಣ್ಣನೇ. ಹೆಜ್ಜೆ ಗಟ್ಟಿಯಾಗಿ ಕೇಳಲೆಂದು ಬೂಟು ಕೊಟ್ಟರು. ಬೂಟು ಬಂತು, ಬೂಟಾಟಿಕೆ ಬರಲಿಲ್ಲ. ಹೇಳಿದ ಹಾಗೇ ಧಪಧಪ ನಡೆದ.

ಪರದೆಯ ಮೇಲೆ ಅವನ ಹೆಜ್ಜೆಗಳು ಇರುವೆ ಸಾಲಿನಂತೆ ಬಂದು, ಒಂದು ಜಾಗದಲ್ಲಿ ಮಾಯವಾದವು. ಮಾರನೆಯ ದಿನವೂ ಅದೇ ಜಾಗ. ಎಂಜಿನಿಯರ್ ಹನುಮಂತರಾಯರು ಬೆಳಕು ಏರಿಸಿದರು, ಇಳಿಸಿದರು, ಎಳೆಯ ಬೆಸುಗೆಯನ್ನೇ ಬದಲಿಸಿದರು. ಪಾತಣ್ಣ ಅಲ್ಲೇ ಮಾಯ.

ಅಲ್ಲಿ ಅಂಥಾದ್ದೇನೈತೆ ಎಂದು ಶಮಾ ಕೇಳಿದಳು. ಏನಿಲ್ಲ ತಾಯಿ, ನಮ್ಮ ದೇವರ ಎತ್ತಿನ ರೊಪ್ಪ ಅಷ್ಟೇ ಎಂದು ಹೇಳಿ ಫೋನಿಟ್ಟವನು ಹಾಗೇ ನಿಂತುಬಿಟ್ಟ. ಮುಳ್ಳುಬೇಲಿಯ ಆ ರೊಪ್ಪದಿಂದ ಕೊನೆಯ ಕಂಬದವರೆಗೆ ದೇವರ ಎತ್ತುಗಳು ಮೇಯುವ ಕಾವಲು. ಅಲ್ಲಿ ಅವನ ಕುಲದವರು ಯಾರೂ ಮೆಟ್ಟು ಹಾಕುವುದಿಲ್ಲ. ಎತ್ತುಗಳು ಗುಡ್ಡಕ್ಕೆ ಹೋಗಿದ್ದರೂ ನೆಲ ದೇವರದೇ. ದಿನವೂ ರೊಪ್ಪ ಬಂದ ಕೂಡಲೇ ಬೂಟು ಬಿಚ್ಚಿ ಕುತ್ತಿಗೆಗೆ ನೇತುಹಾಕಿಕೊಂಡು, ಬೆಕ್ಕಿನಂತೆ ಬರಿಗಾಲಲ್ಲಿ ಹೋಗುತ್ತಿದ್ದ. ಹೇಳಬೇಕೆಂದು ಹೊಳೆದೇ ಇರಲಿಲ್ಲ. ಉಸಿರಾಡಿದೆ ಎಂದು ಯಾರಾದರೂ ವರದಿ ಒಪ್ಪಿಸುತ್ತಾರೆಯೇ?

ಇನ್ನೊಂದು ದಿನ ನೋಡಿ ಆ ಎದುರು ಬೆಳಕಿನ ಯಂತ್ರ ಕಿತ್ತುಬಿಡೋಣ, ಪಾತಣ್ಣನೇ ನಡೆಯಲಿ ಎಂದು ಹನುಮಂತರಾಯರು ಬೇಸತ್ತು ಅಂದರಂತೆ. ಸುದ್ದಿ ಕೇಳಿ ಪಾಲಮ್ಮ ಗಂಡನ ಮುಖ ನೋಡಿದಳು.

"ಏಮಯ್ಯಾ, ಸುಮ್ಮನಿರೋಕೆ ನಿನಗೇನು ಕಷ್ಟ? ಹುಟ್ಟಿದಾಗಿಂದ ಸುಮ್ಮನಿದ್ದೋನು."

ಮರುದಿನ ರೊಪ್ಪದ ಮುಂದೆ ಬೂಟು ಬಿಚ್ಚುತ್ತಾ ಇದ್ದಾಗ ಶಮಾಳ ಫೋನು. ಸಾಹೇಬರಿಗೆ ತನ್ನ ಮೇಲೇ ಅನುಮಾನ, ಏನೋ ತಪ್ಪು ಜೋಡಿಸಿದ್ದಾಳೆ ಅಂತ, ಎಂದಳು. ದನಿ ಸಣ್ಣಗಿತ್ತು. ಪಾತಣ್ಣ ಕೈಯಲ್ಲಿದ್ದ ಬೂಟು ನೋಡಿದ. ಇಷ್ಟು ದಿನ ದೇವರಿಗೆಂದು ಬಿಚ್ಚಿದ್ದು. ಇವತ್ತು ಬಾಯಿ ಮುಚ್ಚಿಕೊಂಡು ಬಿಚ್ಚಿದರೆ ಕೆಲಸ ಉಳಿಸಿಕೊಳ್ಳಲೆಂದು ಬಿಚ್ಚಿದಂತೆ. ದೇವರಿಗೆ ಅಷ್ಟೂ ತಿಳಿಯುವುದಿಲ್ಲವೇ?

"ತಪ್ಪು ನಿಂದಲ್ಲ ತಾಯಿ. ಇಲ್ಲಿಂದಾಚೆ ನನ್ನ ಬೂಟು ಕುತ್ತಿಗ್ಯಾಗಿರ್ತೈತೆ. ಈಗ ಕೇಳು."

ಬೂಟು ಹಾಕಲಿಲ್ಲ. ಹೆಗಲ ಮೇಲಿನ ಕೋಲು ಇಳಿಸಿ, ಹೆಜ್ಜೆಗೊಮ್ಮೆ ನೆಲಕ್ಕೆ ಬಲವಾಗಿ ಊರುತ್ತಾ ಕೊನೆಯ ಕಂಬದವರೆಗೂ ನಡೆದ. ಕಿವಿಯಲ್ಲಿ ಶಮಾ ಮೆಲ್ಲಗೆ ಅನ್ನುತ್ತಲೇ ಇದ್ದಳು: "ಕಾಣ್ತಾ ಇದೀರಿ ಪಾತಣ್ಣ. ಕಾಣ್ತಾನೇ ಇದೀರಿ."

ಕೆಲಸ ಹೋಯಿತು. ಪಾತಣ್ಣ ಕೆಲವು ದಿನ ಜಗಲಿಯಲ್ಲಿ ಕೂತು ಹಲ್ಲಿಗಳ ಪರಿಚಯ ಮಾಡಿಕೊಂಡ. ಆಮೇಲೊಂದು ಬೆಳಗ್ಗೆ, ಕಾಲು ತಾನಾಗಿ ಎದ್ದಂತೆ ಎದ್ದು, ಕೋಲು ಹಿಡಿದು ಹೊರಟ. ರೊಪ್ಪ ದಾಟುವಾಗ ಫೋನು ಬಡಿದುಕೊಂಡಿತು. ಪೈಪಿನ ಮೇಲೆ ಗುರುತಿಲ್ಲದವರು ಓಡಾಡಿದರೆ ಒಬ್ಬರು ಹೋಗಿ ನೋಡಿಬರಬೇಕೆಂದು ಕಂಪನಿಯ ಹೊಸ ನಿಯಮವಂತೆ. ಹತ್ತಿರದವನೆಂದು ಅವನನ್ನೇ ನೇಮಿಸಿಕೊಂಡಿದ್ದಾರಂತೆ.

"ಪಾತಣ್ಣ, ರೊಪ್ಪದ ಹತ್ರ ಯಾರೋ ಕೋಲು ಊರ್ಕೊಂಡು ಹೋಗ್ತಾವ್ರೆ. ಯಾರು ಅಂತ ನೋಡ್ಕೊಂಡು ಬರ್ತೀರಾ?" ಶಮಾಳ ದನಿಯಲ್ಲಿ ನಗು ಅಡಗಿತ್ತು.

ಪಾತಣ್ಣ ಹಿಂದೆ ನೋಡಿದ, ಮುಂದೆ ನೋಡಿದ. ಮಂಜು ಬಿಟ್ಟರೆ ಯಾರೂ ಇಲ್ಲ. ಇದೇ ಹುಡುಕಾಟಕ್ಕೆ ಜನ ಹಿಮಾಲಯ ಹತ್ತುತ್ತಾರೆ.

"ನೋಡ್ತೀನಿ ತಾಯಿ," ಎಂದವನು, ಕೋಲು ಊರುತ್ತಾ ತನ್ನನ್ನು ಹುಡುಕಿಕೊಂಡು ಮಂಜಿನೊಳಕ್ಕೆ ನಡೆದ.