ತಂಗಿಯನ್ನು ಹಗೇವಿಗೆ ಇಳಿಸಿದ್ದು

ನಾನು ಚಿಕ್ಕವನಿದ್ದಾಗ ನಮ್ಮ ಸಿಂಗಟಗೆರೆ ಕಡೆ ಸಿಡುಬನ್ನು ಕಾಯಿಲೆ ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ಮೇಲಿನ ಬೀದಿಯ ಮನೆಯೊಂದರ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಮೂರನೇ ದಿನ ಕಡೂರಿನಿಂದ ಸೈಕಲ್ಲಿನಲ್ಲಿ ದಾಕು ಹಾಕುವವರು ಬಂದರು. ಸಿಡುಬಿನ ಲಸಿಕೆಗೆ ಆಗ ದಾಕು ಎನ್ನುತ್ತಿದ್ದೆವು. ಸಣ್ಣ ಮುಳ್ಳುಗಳಿದ್ದ ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸುತ್ತಿದ್ದರು. ನನ್ನ ಕಿರುಚಾಟ ಬೀದಿಗೆಲ್ಲ ಕೇಳಿತು.

ಉರಿಯುವ ತೋಳು ಹಿಡಿದುಕೊಂಡು ಮನೆಗೆ ಓಡಿದೆ. ಮೂರು ವರ್ಷದ ತಂಗಿಗೆ ಈ ನೋವು ಬೇಡ ಎಂಬುದೊಂದೇ ತಲೆಯಲ್ಲಿತ್ತು. ಅಂಗಳದಲ್ಲಿ ಹಗೇವು, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ, ಬಾಯಿ ತೆರೆದಿತ್ತು. ಬಹಳ ಕಾಲ ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ. ಬೆಳಿಗ್ಗೆ ಅಪ್ಪ ಚಪ್ಪಡಿ ಸರಿಸಿ, "ಸಂಜೆ ದೀಪ ಇಳಿಸಿ ನೋಡಾನ. ಆರಿದ್ರೆ ಯಾರೂ ಇಳಿಯಂಗಿಲ್ಲ" ಎಂದು ಹೇಳಿ, ಕಾವಲಿಗೆ ಅಕ್ಕನನ್ನು ಕೂರಿಸಿದ್ದರು.

"ಅಕ್ಕಾ, ಹಿತ್ಲಲ್ಲಿ ಅಪ್ಪ ಕರೀತಾವ್ರೆ" ಎಂದು ಸುಳ್ಳು ಹೇಳಿದೆ.

"ಅದ್ಯಾಕೋ ಮೂಗು ಸುರಿಸ್ಕೊಂಡಿದೀಯ? ದೊಡ್ಡ ಗಂಡ್ಸು!" ಎಂದು ನಗುತ್ತಾ ಹೋದಳು.

ತಂಗಿಯ ಕಂಕುಳಿಗೆ ಹಗ್ಗ ಸುತ್ತಿ ಇಳಿಸಿದೆ. ಮುಗ್ಗಲು ವಾಸನೆ ಬಿಸಿಯಾಗಿ ಮುಖಕ್ಕೆ ಹೊಡೆಯಿತು. "ಮಾತಾಡ್ಬ್ಯಾಡ ಕಣೇ" ಎಂದು ಹಗೇವಿನ ಬಾಯಿಗೆ ಚಾಪೆ ಎಳೆದೆ. ಅಷ್ಟರಲ್ಲಿ ದಾಕಿನವರು ಅಪ್ಪನೊಂದಿಗೆ ಅಂಗಳಕ್ಕೆ ಬಂದರು.

"ಚಿಕ್ಕದೆಲ್ಲೋ?" ಎಂದರು ಅಪ್ಪ.

"ಗೊತ್ತಿಲ್ಲ."

ಚಾಪೆಯ ಕೆಳಗೆ ಕೆಮ್ಮು ಕೇಳಿತು. ಆಮೇಲೆ ಅದೂ ನಿಂತಿತು. "ಹಗೇವಲ್ಲಿ!" ಎಂದು ಅರಚಿದೆ.

ಅಪ್ಪ ಚಾಪೆ ಕಿತ್ತೆಸೆದು ಹಗ್ಗ ಜಗ್ಗಿದರು. ತಂಗಿ ಒದ್ದೆ ಬಟ್ಟೆಯ ಹಾಗೆ ಮೇಲೆ ಬಂದಳು. ತುಟಿ ನೇರಳೆಯಾಗಿತ್ತು. ದಾಕಿನವರು ಅವಳನ್ನು ಬೋರಲು ಮಲಗಿಸಿ ಬೆನ್ನು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. "ಅಳು ಮಗಾ, ಅಳು" ಎನ್ನುತ್ತಲೇ ಇದ್ದರು. ಅವಳು ಅಳಬಾರದೆಂದು ಅಡಗಿಸಿಟ್ಟ ನಾನೇ ಈಗ ಅವಳ ಒಂದು ಅಳುವಿಗಾಗಿ ಕೈ ಮುಗಿದು ನಿಂತಿದ್ದೆ. ಕೊನೆಗೆ ಅತ್ತಳು.

ಅಪ್ಪ ಹಗ್ಗ ನೋಡಿದರು. "ಯಾರು ಇಳ್ಸಿದ್ದು?"

"ಅಕ್ಕ" ಎಂದುಬಿಟ್ಟೆ.

ಹಿತ್ತಿಲಿಂದ ಬಂದ ಅಕ್ಕನ ಬೆನ್ನಿಗೆ ಹುಣಸೆ ಬರಲಿನ ಏಟು ಬಿತ್ತು. "ನಾನಲ್ಲ ಅಪ್ಪಾ" ಎಂದು ಒಂದೇ ಸಲ ಅಂದಳು. ನನ್ನ ಮುಖ ನೋಡಿದ ಮೇಲೆ ಮತ್ತೆ ಬಾಯಿ ಬಿಡಲಿಲ್ಲ.

ತಂಗಿ ಚೇತರಿಸಿಕೊಂಡ ಮೇಲೆ ದಾಕಿನವರು ಮತ್ತೆ ಬಂದು ಅವಳಿಗೂ ಹಾಕಿದರು. ನಮ್ಮ ಮನೆಗೆ ಸಿಡುಬು ಬರಲೇ ಇಲ್ಲ. ಮಕ್ಕಳೇ, ನಿಮ್ಮ ಶಾಲೆಗೇ ಈಗ ಬೇರೆ ಲಸಿಕೆಗಳನ್ನು ಹಾಕಲು ನರ್ಸಮ್ಮ ಬರುತ್ತಾರೆ. ನೀವು ತೋಳು ಚಾಚಿ, ಒಂಚೂರು ಅತ್ತು, ಆಟಕ್ಕೆ ಓಡುತ್ತೀರಿ. ಸಿಡುಬಿನ ಕಲೆಯ ಮುಖವನ್ನು ನೀವು ಕಂಡೇ ಇಲ್ಲ. ಯಾರನ್ನೂ ಎಲ್ಲೂ ಅಡಗಿಸಬೇಕಾಗಿಲ್ಲ.

ಬೀರೂರಿನಲ್ಲಿರುವ ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಇದನ್ನು ಅವಳಿಗೇ ಮೊದಲು ಹೇಳಬೇಕಿತ್ತು. ಧೈರ್ಯ ಸಾಲದೆ ನಿಮಗೆ ಬರೆದೆ. ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ನೀವೂ ಬನ್ನಿ ಮಕ್ಕಳೇ. ನೀವು ಪಕ್ಕದಲ್ಲಿದ್ದರೆ ನಾನು ಮಾತು ಬದಲಿಸಲಾರೆ.