ಕಲ್ಲು, ಮೊಸಳೆ ಮತ್ತು ತಂಗಿಯ ಕೌದಿಗಳು

ಗಂಗಾವತಿಯಿಂದ ಬಸ್ಸಿಗೆ ಬಂದರೆ ನಮ್ಮೂರು ಮುಗಿಯುವುದೇ ಹೊಳೆಯಲ್ಲಿ. ದಿನಾ ಬೆಳಿಗ್ಗೆ ಹಾಲು ತರಲು ಹೋದವಳು ತಂಬಿಗೆಯನ್ನು ಹೊಳೆಯ ಮೆಟ್ಟಿಲ ಮೇಲಿಟ್ಟು, ಅದೇ ಮೆಟ್ಟಿಲಿನಿಂದ ಅದೇ ದಿಕ್ಕಿಗೆ ಮೊಬೈಲ್ ಹಿಡಿದು ಒಂದು ಫೋಟೊ ತೆಗೆಯುತ್ತೇನೆ. ಯಾಕೆ ಎಂದರೆ ಹೇಳಲು ಬರುವುದಿಲ್ಲ. ಬೇಸಿಗೆಯಲ್ಲಿ ಹೊಳೆಯೊಳಗಿನ ಕಲ್ಲುಗಳೆಲ್ಲ ಎದ್ದು ಬಿಸಿಲು ಕಾಯಿಸುತ್ತ ಕೂತಿರುತ್ತವೆ. ಮೇಲೆ ಡ್ಯಾಮಿನ ಗೇಟು ತೆಗೆದರೆ ಕೆಂಪು ನೀರು ಮೆಟ್ಟಿಲು ನುಂಗುತ್ತ ಬರುತ್ತದೆ. ಚಳಿಗಾಲದಲ್ಲಿ ಕೆಲವು ದಿನ ಆಚೆ ದಂಡೆಯೇ ಇರುವುದಿಲ್ಲ, ಬರೀ ಮಂಜು. "ಅದ ನೀರು, ಅದ ಕಲ್ಲು. ನಿನ್ನಿ ತಗದಿದ್ದು ಇವತ್ತಿಗೆ ಹಳಸೇತೇನು?" ಎಂದು ನಮ್ಮನೆಯವರು ನಗುತ್ತಾರೆ. ನಗಲಿ.

ಹೋದ ವರ್ಷ ಮಹಾನವಮಿಯ ಮುಂಚೆ ತಳಕಲ್ ಕಡೆ ಕೊಟ್ಟ ನನ್ನ ತಂಗಿ ಕೌದಿಯ ಗಂಟು ಹೊತ್ತುಕೊಂಡು ಬಂದಳು. ಹಬ್ಬಕ್ಕೆ ದೇವಿಯ ಘಟ ಕೂರಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆದಿರಬೇಕು, ಘಟ ಕೂತ ಮೇಲೆ ಒಗೆಯುವಂತಿಲ್ಲ. ಅವಳ ಊರಲ್ಲಿ ನಲ್ಲಿ ನೀರು ಕುಡಿಯಲು ಸಾಕಾದರೆ ದೊಡ್ಡದು. ಅದೂ ಅಲ್ಲದೆ ಅವಳು ಗಂಡನ ಅಣ್ಣ, ನೆಗೆಣ್ಣಿಯರ ಮನೆಯಿಂದ ಬೇರೆಯಾಗಿ ಕೂರಿಸುವ ಮೊದಲನೇ ಘಟ. ಮರುದಿನ ಮಧ್ಯಾಹ್ನದ ಬಸ್ಸಿಗೆ ಒಣಗಿದ ಕೌದಿಗಳೊಂದಿಗೆ ಅವಳು ಹೊರಡಬೇಕಿತ್ತು.

ಬಂದವಳು ಚಹಾ ಕುಡಿಯುತ್ತ ನನ್ನ ಮೊಬೈಲ್ ತಿರುವಿದಳು. ಆ ದಿನ ಬೆಳಗಿನ ಫೋಟೊವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನನ್ನ ಮುಖದ ಮುಂದೆ ಹಿಡಿದಳು.

"ಯಕ್ಕಾ, ಏನಿದು?"

ಓರೆಯಾಗಿ ನಿಂತ ದೊಡ್ಡ ಬಂಡೆಯ ಕೆಳಗೆ, ಅರ್ಧ ನೀರಿನಲ್ಲಿ, ಉದ್ದಕ್ಕೆ ಕಪ್ಪಗೆ ಏನೋ ಇತ್ತು.

"ಕಲ್ಲು," ಎಂದೆ.

"ಕಲ್ಲಿಗೆ ಬಾಲ ಇರತೈತೇನು? ಮೊಸಳಿ ಇದು!"

ಇದಕ್ಕೇ ಅಲ್ಲವೇ ದಿನಾ ಫೋಟೊ ತೆಗೆಯುವುದು ಎಂದು ನಾನು ಧೈರ್ಯವಾಗಿ ಹಿಂದಿನವನ್ನು ತೆಗೆದೆ. ನಿನ್ನೆಯದರಲ್ಲಿ ಅದು ಇರಲಿಲ್ಲ. ಮೊನ್ನೆಯದರಲ್ಲಿ ಇತ್ತು. ಅದಕ್ಕೂ ಹಿಂದಿನ ಒಂದರಲ್ಲಿ ಅದರ ಮೇಲೆ ಬೆಳ್ಳಕ್ಕಿ ಕೂತಿತ್ತು. ಬೇಸಿಗೆಯವನ್ನು ನೋಡಿದರೆ ಆ ಜಾಗದ ತುಂಬ ಕಲ್ಲುಗಳೇ, ಯಾವುದು ಎಂದು ಹೇಳುವುದು? ನೀರು ಏರಿ ಇಳಿದಂತೆ ಕಲ್ಲು ಮುಳುಗಿ ಏಳುತ್ತದೆ, ಸರಿ. ಆದರೆ ಯಾವ ದಿನ ನೀರು ಎಷ್ಟಿತ್ತು? ಮೆಟ್ಟಿಲು ಕಂಡಿದ್ದರೆ ಗೊತ್ತಾಗುತ್ತಿತ್ತು. ಇಷ್ಟು ಫೋಟೊಗಳಲ್ಲಿ ನಾನು ನಿಲ್ಲುವ ಮೆಟ್ಟಿಲೊಂದೇ ಇಲ್ಲ.

"ಬೆಳ್ಳಕ್ಕಿ ಕುಂತೈತಿ ಅಂದ್ರ ಕಲ್ಲ," ಎಂದು ನಮ್ಮನೆಯವರು ತೀರ್ಪು ಕೊಟ್ಟರು.

"ಬೆಳ್ಳಕ್ಕಿ ಎಮ್ಮಿ ಮ್ಯಾಲೂ ಕುಂದರತೈತ್ರಿ ಮಾವಾ. ಎಮ್ಮಿ ಕಲ್ಲೇನು?"

ಅವರು ಪೇಪರ್ ಎತ್ತಿಕೊಂಡು ಒಳಗೆ ಹೋದರು.

ಕಾಲುವೆಗೆ ಹೋಗೋಣವೆಂದರೆ ಅಲ್ಲಿ ಸೆಳವು ಜೋರು, ಕೈ ಬಿಟ್ಟ ಕೌದಿ ಮತ್ತೆ ಕಾಣುವುದಿಲ್ಲ. ಕೊನೆಗೆ ಗಂಟು ಹೊತ್ತುಕೊಂಡು ಹೊಳೆಗೇ ಹೋದೆವು. ಹರಿಗೋಲು ದಂಡೆಗೆ ಎಳೆಯುತ್ತಿದ್ದ ಮೀನುಗಾರನಿಗೆ ಫೋಟೊ ತೋರಿಸಿದೆ. ಅವನು ಮೊಬೈಲನ್ನು ಹತ್ತಿರ ಹಿಡಿದ, ದೂರ ಹಿಡಿದ.

"ಮೊಸಳಿ ಅನ್ರಿ, ಮೊಸಳಿ ಕಂಡಂಗ ಕಾಣತೈತ್ರಿ. ಕಲ್ಲು ಅನ್ರಿ, ಕಲ್ಲ."

"ಹೊಳ್ಯಾಗ ಮೊಸಳಿ ಅದಾವೋ ಇಲ್ಲೋ?"

"ಅದಾವ್ರಿ. ಆದ್ರ ಒಂದ ಕಡಿ ಇರಂಗಿಲ್ರಿ, ಅಡ್ಡಾಡತಾವ," ಎಂದು ಬಲೆ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಬೆಳಿಗ್ಗೆಗಿಂತ ನೀರು ಏರಿತ್ತು. ಬಂಡೆಯ ಕೆಳಗೆ ಏನೂ ಕಾಣಲಿಲ್ಲ. ಕಲ್ಲಾಗಿದ್ದರೆ ಮುಳುಗಿದೆ. ಮೊಸಳೆಯಾಗಿದ್ದರೆ ಹೋಗಿದೆ, ಆದರೆ ಎಲ್ಲಿಗೆ?

ತಂಗಿ ಗಂಟಿನ ಮೇಲೆ ಕೂತುಬಿಟ್ಟಳು. "ಬ್ಯಾರಿ ಆದ ವರ್ಷನ ಘಟ ತಪ್ಪಿತು ಅಂದ್ರ ನಮ್ಮ ನೆಗೆಣ್ಣಿ ಊರ ತುಂಬ ಹೇಳಕೋಂತ ಅಡ್ಡಾಡತಾಳ, ಯಕ್ಕಾ." ಆಮೇಲೆ ಎದ್ದು ಬಕೆಟ್ಟಿಗೆ ಹಗ್ಗ ಕಟ್ಟಿದಳು. "ನಾ ಮ್ಯಾಲಿನ ಮೆಟ್ಟಲದಾಗ ಒಗೀತೀನಿ. ನೀ ಮೊಬೈಲ್‌ದಾಗ ನೋಡಕೋಂತ ಕುಂದ್ರು. ಕಂಡ್ರ ಒದರು."

ಕೂತೆ. ಮೊಬೈಲಿನಲ್ಲಿ ಹತ್ತಿರಕ್ಕೆ ಎಳೆದಷ್ಟೂ ನೀರು ನೀರಾಗಿ ಉಳಿಯದೆ ಪುಡಿಪುಡಿಯಾಗುತ್ತಿತ್ತು. ಒಮ್ಮೆ ಒದರಿದೆ, ತೇಲಿ ಬಂದದ್ದು ಅಂತರಗಂಗೆಯ ಕಂಟಿ. ಇನ್ನೊಮ್ಮೆ ಒದರಿದೆ, ಮೋಡದ ನೆರಳು. ಮತ್ತೊಮ್ಮೆ ಒದರಿದ್ದು ಯಾತಕ್ಕೆಂದು ನನಗೇ ತಿಳಿಯಲಿಲ್ಲ, ಬಂಡೆಯ ಬುಡದಲ್ಲಿ ಏನೋ ಅಲುಗಿದಂತಾಗಿತ್ತು. ಆ ಸಲ ತಂಗಿ ಎದ್ದು ಓಡಲಿಲ್ಲ. ಕುಟ್ಟಿ ಕುಟ್ಟಿ ದಣಿದಿದ್ದಳು, ತೊಯ್ದ ಕೌದಿ ಕಲ್ಲಿನಷ್ಟು ಭಾರವಾಗಿತ್ತು.

"ಬರ್ಲಿ ಬಿಡು," ಎಂದಳು. "ಬಂದ್ರ ಇದರ ಇನ್ನೊಂದು ತುದಿ ಹಿಡದು ಹಿಂಡ್ಲಿ. ನಿನಗಂತೂ ಪುರಸೊತ್ತಿಲ್ಲ."

ಮೊಬೈಲನ್ನು ಚೀಲದಲ್ಲಿಟ್ಟು ನಾನು ಇನ್ನೊಂದು ತುದಿ ಹಿಡಿದೆ. ಅವಳು ಆ ಕಡೆ ತಿರುವಿದರೆ ನಾನು ಈ ಕಡೆ. ನನ್ನ ಬೆನ್ನು ಹೊಳೆಗಿತ್ತು. ನಗು ಬರುತ್ತಿತ್ತು, ಬೆನ್ನೂ ಜುಮ್ಮೆನ್ನುತ್ತಿತ್ತು. ದಂಡೆಯ ಬಂಡೆಗಳ ಮೇಲೆ ಕೌದಿಗಳನ್ನೆಲ್ಲ ಹರವಿದೆವು. ಹಳೆ ಸೀರೆ, ಹಳೆ ಧೋತರ, ಲಂಗದ ತುಂಡುಗಳೆಲ್ಲ ಬಿಸಿಲಿಗೆ ಬಿದ್ದಿದ್ದವು. ಅದರ ಫೋಟೊ ತೆಗೆಯುವುದು ಮರೆತೇ ಹೋಯಿತು.

ಮರುದಿನ ಅವಳು ಹೇಳಿದ ಬಸ್ಸಿಗೇ ಹೋದಳು. ಘಟ ಕೂರುವ ದಿನ ಬೆಳಿಗ್ಗೆ ಹೊಳೆಗೆ ಹೋದರೆ ನೀರು ಚೆನ್ನಾಗಿ ಇಳಿದಿತ್ತು. ಓರೆಬಂಡೆಯ ಕೆಳಗೆ ಕಪ್ಪಗೆ, ಉದ್ದಕ್ಕೆ, ಒಂದಲ್ಲ ಮೂರು ಇದ್ದವು. ಹಳೆಯ ಫೋಟೊದಲ್ಲಿದ್ದದ್ದು ಇವುಗಳಲ್ಲಿ ಯಾವುದು? ಒಂದಕ್ಕೂ ಬಾಲ ಕಾಣಲಿಲ್ಲ.

ಸಂಜೆ ಚಹಾಕ್ಕೆ ಹಾಲು ಕಾಯಿಸುವಾಗ ತಂಗಿಯ ಫೋನು ಬಂತು.

"ಹೊಳಿಗೆ ಹೋಗಿದ್ದೇನು? ನೋಡಿದೇನು?"

"ನೋಡೀನಿ. ಮೂರು ಅದಾವ."

"ಮೂರು ಮೊಸಳೀ?"

"ಕಲ್ಲ ಇರಬೇಕು."

"ಇರಬೇಕು ಅಂದ್ರ? ಖರೇ ಹೇಳು."

ಆ ಕಡೆ ಯಾರೋ ಅವಳನ್ನು ಕೂಗಿದರು, ತೆಂಗಿನಕಾಯಿ ಎಲ್ಲಿಟ್ಟಿದ್ದೀ ಎಂದು.

"ಇರ್ಲಿ ಬಿಡು ಯಕ್ಕಾ," ಎಂದಳು. "ಕೌದಿ ಛಲೋ ಒಣಗ್ಯಾವ. ಘಟ ಕುಂತಿತು. ನೆಗೆಣ್ಣೀನ ಬಂದು ಕುಂಕುಮ ಹಚ್ಚಿಕೊಂಡು ಹೋದ್ಲು."